ಮದ್ದಲೇನಾ ನಿಲ್ಲಬೇಕಾದ ಮನೆ

ಕಾಸ್ತೆಲ್‌ಸೋರ್ಬೊ
19 ಮೇ 1974

ನನ್ನ ನುನ್ಸಿಯಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನಾನೊಬ್ಬಳು ಮಾತ್ರ ಸಿಟ್ಟಿನಲ್ಲಿದ್ದೇನೆ. ಸಿಟ್ಟು ಬಂದರೆ ಅಮ್ಮನ ಅಕ್ಷರ ದಪ್ಪವಾಗುತ್ತದೆ ಎಂದು ನೀನು ನಗುತ್ತಿದ್ದೆಯಲ್ಲ, ಈ ಸಲ ಕಾಗದವೇ ಸಾಲದೇ ಹೋದೀತು.

ಹೋದ ಭಾನುವಾರ ಮತ ಹಾಕಿ ಬಂದೆವು. ವಿಚ್ಛೇದನದ ಕಾನೂನನ್ನು ತೆಗೆದುಹಾಕಬೇಕೇ ಎಂಬುದು ಪ್ರಶ್ನೆ. ‘ಹೌದು’ ಅನ್ನಿ ಎಂದು ಪಾದ್ರಿ ಎಜಿಡಿಯೋ ಮೂರು ವಾರ ಪೂಜೆಯಲ್ಲಿ ಪಾಠ ಹೇಳಿದ್ದರು. ನಾನು ಪೆನ್ಸಿಲ್ ಮುರಿಯುವಷ್ಟು ಒತ್ತಿ ‘ಇಲ್ಲ’ದ ಮೇಲೆ ಗೀಟು ಹಾಕಿದೆ. ನಿನ್ನ ಅಪ್ಪ ಯಾವುದಕ್ಕೆ ಹಾಕಿದರೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕಾನೂನು ಉಳಿಯಿತು ಎಂದು ರೇಡಿಯೋದಲ್ಲಿ ಬಂತು. ನಮ್ಮ ಊರಿನಲ್ಲಿ ಮಾತ್ರ ‘ಹೌದು’ ಗೆದ್ದಿದೆ.

ಗುರುವಾರ ಔಷಧಿ ಅಂಗಡಿಯ ಸವೇರಿಯೋ ಮನೆಗೆ ಬಂದ. ಈಗ ಮದ್ದಲೇನಾ ಸಂತಳ ಮೂರ್ತಿ ಮೆರೆಸುವ ಹಬ್ಬದ ಸಮಿತಿಗೆ ಅವನೇ ಅಧ್ಯಕ್ಷ. ನಿನ್ನ ಗಂಡನಾಗಿದ್ದವನ ಸೋದರಮಾವ ಅನ್ನುವುದನ್ನು ನಾನು ಮರೆತರೂ ಅವನು ಮರೆಯುವುದಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಜೇಬಿನಿಂದ ಪಟ್ಟಿ ತೆಗೆದ.

‘ದೊನಾತಾ, ಈ ವರ್ಷ ಮದ್ದಲೇನಾ ನಿಮ್ಮನೆ ಮುಂದೆ ನಿಲ್ಲಲ್ಲ. ಪಟ್ಟಿಯಿಂದ ತೆಗೆದಿದೀವಿ. ಬೇಜಾರ್ ಮಾಡ್ಕೋಬೇಡಮ್ಮ.’

‘ಎಂಟು ವರ್ಷದಿಂದ ನಾನೇ ಬಾಲ್ಕನಿಗೆ ಮದುವೆ ಹೊದಿಕೆ ಹಾಕಿಲ್ಲ, ಅವಳೂ ನಿಂತಿಲ್ಲ. ಈಗ ಬಂದು ಯಾಕೆ ಹೇಳ್ತಿದೀರಿ?’

‘ಆಗ ನಿನ್ನ ಮಗಳು ಗಂಡನ್ನ ಬಿಟ್ಟು ದೂರ ಇದ್ಲು, ಅಷ್ಟೇ. ಮಾರ್ಚ್‌ನಲ್ಲಿ ಕೋರ್ಟಿಂದ ಕಾಗದ ಬಂತಲ್ಲ. ವಿಚ್ಛೇದನ ಆದ ಮನೆ ಮುಂದೆ ಸಂತಳನ್ನ ನಿಲ್ಲಿಸಿದ್ರೆ ಊರು ಏನನ್ನುತ್ತೆ?’

‘ಸವೇರಿಯೋ ಅವ್ರೇ, ನೀವು ಮೆರವಣಿಗೆ ಮಾಡೋದು ಯಾರನ್ನ? ಊರವರೆಲ್ಲ ಛೀ ಅಂದಾಗ ಕಣ್ಣೀರಲ್ಲಿ ಯೇಸುವಿನ ಕಾಲು ತೊಳೆದು ಕೂದಲಲ್ಲಿ ಒರೆಸಿದೋಳನ್ನ. ಅವಳು ಈ ಊರಲ್ಲಿ ಹುಟ್ಟಿದ್ದಿದ್ರೆ ಅವಳ ಮನೇನೂ ಪಟ್ಟಿಯಿಂದ ಹೊಡೆದು ಹಾಕ್ತಿದ್ರಿ.’

ಕೆಮ್ಮು ಬಂದವನ ಹಾಗೆ ಮಾಡಿ ಎದ್ದುಹೋದ. ಕೆಮ್ಮಿಗೆ ಅವನ ಅಂಗಡಿಯಲ್ಲೇ ಔಷಧಿ ಇರಬೇಕು.

ಈಗ ಕೇಳು. ನಾನೇ ಹೊದಿಕೆ ಹಾಕದೆ ಇದ್ದಾಗ ಅದು ನನ್ನ ನಾಚಿಕೆ, ನನಗೆ ಸೇರಿದ್ದು. ಹಾಕಬೇಡ ಅನ್ನುವುದಕ್ಕೆ ಇವರು ಯಾರು? ಜುಲೈ ಇಪ್ಪತ್ತೆರಡರಂದು ನಾನು ಹೊದಿಕೆ ಹಾಕುತ್ತೇನೆ. ಹೊದಿಕೆ ಕಂಡ ಮನೆ ಮುಂದೆ ಮದ್ದಲೇನಾ ನಿಲ್ಲಲೇಬೇಕು, ಅದು ಸವೇರಿಯೋನ ತಾತನಿಗಿಂತ ಹಳೆಯ ನೇಮ. ನನ್ನ ಮದುವೆಯ ಹೊದಿಕೆ ಯುದ್ಧದ ಕಾಲದಲ್ಲಿ ಮಾರಿಹೋಗಿ ಗೋಧಿ ಹಿಟ್ಟಾಯಿತು, ನಿನಗೆ ಗೊತ್ತು. ಆಮೇಲೆ ಎರವಲು ತಂದು ಹಾಕುತ್ತಿದ್ದೆ, ಈ ಸಲ ಯಾರೂ ಕೊಡುವುದಿಲ್ಲ. ನಿನ್ನ ಹಳದಿ ರೇಷ್ಮೆಯದನ್ನು ಕಳಿಸು.

ನಿನ್ನ ಅಮ್ಮ
ದೊನಾತಾ


ತೊರಿನೊ
2 ಜೂನ್ 1974

ಅಮ್ಮಾ,

ಕಾಗದ ಓದಿ ಮೊದಲು ನಕ್ಕೆ. ಸವೇರಿಯೋ ಕುರ್ಚಿಯ ತುದಿಯಲ್ಲಿ ಕೂತದ್ದು ಕಣ್ಣಿಗೆ ಕಟ್ಟಿತು. ಆಮೇಲೆ ನಗು ಬರಲಿಲ್ಲ.

ಹೊದಿಕೆ ಕಳಿಸುವುದಿಲ್ಲ. ಚಳಿಗಾಲದಲ್ಲಿ ಇಲ್ಲಿ ಅದನ್ನು ಹೊದ್ದು ಮಲಗುತ್ತೇನೆ. ಗಂಡನ ಮನೆ ಬಿಟ್ಟು ಬಸ್ ಹತ್ತಿದಾಗ ಕಂಕುಳಲ್ಲಿ ಇದ್ದದ್ದು ಅದೊಂದೇ. ಅದರ ಒಂದು ಮೂಲೆಯಲ್ಲಿ ಕಲೆ ಇದೆ, ಏನೆಂದು ನಿನಗೆ ಹೇಳಿದ್ದೇನೆ. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ದಿನವಿಡೀ ನನ್ನ ಕೆಲಸವೇ ಕಲೆ ತೆಗೆಯುವುದು. ರಕ್ತ, ಔಷಧಿ, ವಾಂತಿ, ಯಾವುದೂ ನನ್ನ ಕೈಯಲ್ಲಿ ಉಳಿಯುವುದಿಲ್ಲ. ಇದೊಂದನ್ನು ಮಾತ್ರ ಎಂಟು ವರ್ಷದಿಂದ ಮುಟ್ಟಿಲ್ಲ. ಯಾಕೆಂದು ಕೇಳಬೇಡ.

ಅದನ್ನು ಆ ಬೀದಿಯ ಮೇಲೆ ಹರಡಿ, ಮತ್ತೆ ಎಲ್ಲರ ಬಾಯಿಗೆ ಬೀಳುವುದು ನನಗೆ ಬೇಡ. ನನಗೆ ಇಲ್ಲಿ ಒಂದು ಕೋಣೆ ಇದೆ, ಕಿಟಕಿ ಇದೆ, ಬೀಗದ ಕೈ ನನ್ನ ಹತ್ತಿರವೇ ಇದೆ. ಕೋರ್ಟಿನ ಕಾಗದ ಬಂದ ದಿನ ಜೊತೆಯ ಹೆಂಗಸರು ಕೇಕ್ ತಂದಿದ್ದರು. ಮದ್ದಲೇನಾ ನಿಲ್ಲಲಿ, ಬಿಡಲಿ, ನನಗೇನು?

ಅಂಜೂರದ ಮರ ಈ ವರ್ಷ ಬಿಟ್ಟಿದೆಯೇ? ಪಕ್ಕದ ಮನೆ ರಕೇಲೆಯ ಮೊಣಕಾಲು ಹೇಗಿದೆ? ಮೂಲೆಯಲ್ಲಿ ಕೂರುತ್ತಿದ್ದ ಕುಂಟು ಕೋಳಿ ಇನ್ನೂ ಇದೆಯೇ?

ನಿನ್ನ
ನುನ್ಸಿಯಾ


ಕಾಸ್ತೆಲ್‌ಸೋರ್ಬೊ
9 ಜೂನ್ 1974

ನುನ್ಸಿಯಾ,

ಅಂಜೂರ ಬಿಟ್ಟಿದೆ. ರಕೇಲೆಯ ಮೊಣಕಾಲು ಊದಿದೆ, ನಾಲಗೆ ಮಾತ್ರ ಗಟ್ಟಿಮುಟ್ಟಾಗಿದೆ. ಕುಂಟು ಕೋಳಿಯನ್ನು ಈಸ್ಟರ್‌ಗೆ ತಿಂದೆವು. ಮರವನ್ನು ಕೇಳಿದೆ, ಮೊಣಕಾಲನ್ನು ಕೇಳಿದೆ, ಕೋಳಿಯನ್ನೂ ಕೇಳಿದೆ. ಈ ಮನೆಯಲ್ಲಿ ಇನ್ನೂ ಒಬ್ಬರಿದ್ದಾರೆ. ಅವರನ್ನು ನೀನು ಎಂಟು ವರ್ಷದಿಂದ ಕೇಳಿಲ್ಲ. ಕೇಳು ಎಂದು ನಾನು ಹೇಳುತ್ತಿಲ್ಲ.

ನನಗೇನು ಎಂದು ಬರೆದೆಯಲ್ಲ, ನಿನಗಾಗಿ ಯಾರು ಕೇಳಿದರು? ನಾನು ಕೇಳುತ್ತಿರುವುದು ನನಗಾಗಿ.

ಎಂಟು ವರ್ಷದ ಹಿಂದೆ ಆ ಹಬ್ಬದ ಬೆಳಿಗ್ಗೆ ನೀನು ಇದೇ ಅಡುಗೆಮನೆಯಲ್ಲಿ ಕೂತಿದ್ದೆ. ತುಟಿ ಒಡೆದಿತ್ತು. ‘ಹಬ್ಬದ ದಿನ ಮನೆ ಮರ್ಯಾದೆ ಬೀದಿಗೆ ಬರೋದು ಬೇಡ, ನಡಿ’ ಎಂದು ನಿನ್ನ ಅಪ್ಪ ನಿನ್ನನ್ನು ಎಬ್ಬಿಸಿ ಗಂಡನ ಮನೆಗೆ ಕರೆದುಕೊಂಡು ಹೋದರು. ನೀನು ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ ನೋಡಿದೆ. ನಾನು ಟೊಮೆಟೊ ಸಾರು ತಿರುವುತ್ತಿದ್ದೆ. ತಳ ಹಿಡಿಯುತ್ತದೆ ಎಂದು ತಿರುವುತ್ತಲೇ ಇದ್ದೆ, ನುನ್ಸಿಯಾ. ಒಂದು ಮಾತು ಆಡಲಿಲ್ಲ. ಜನ ನಿನ್ನ ಅಪ್ಪನನ್ನು ಮೊಂಡ ಅನ್ನುತ್ತಾರೆ, ನನ್ನನ್ನು ಒಳ್ಳೆಯ ಹೆಂಗಸು ಅನ್ನುತ್ತಾರೆ. ಆ ಒಳ್ಳೆಯತನ ನೆನೆದರೆ ನನ್ನ ಮೈ ಉರಿಯುತ್ತದೆ.

ಆ ದಿನ ಆಡದ ಮಾತನ್ನು ಈಗ ಆಡಬೇಕು. ಬೀದಿಯಲ್ಲಿ ನಿಂತು ಕೂಗಲು ನನಗೆ ಬರುವುದಿಲ್ಲ. ಬಾಲ್ಕನಿಗೆ ಹೊದಿಕೆ ಹಾಕಲು ಬರುತ್ತದೆ.

ಕಳಿಸದಿದ್ದರೆ ಅಡುಗೆಮನೆಯ ಮೇಜಿನ ಬಟ್ಟೆ ಹಾಕುತ್ತೇನೆ. ನಗುವವರು ನಗಲಿ.

ದೊನಾತಾ


ತೊರಿನೊ
24 ಜೂನ್ 1974

ಅಮ್ಮಾ,

ಮೇಜಿನ ಬಟ್ಟೆ ಬೇಡ. ಅದರ ಮೇಲೆ ಕೋಳಿಯ ಚಿತ್ರ ಇದೆ, ಮದ್ದಲೇನಾ ಹೆದರಿಯಾಳು.

ಹೊದಿಕೆ ಈ ಕಟ್ಟಿನಲ್ಲಿದೆ. ಎರಡು ವಾರ ಮಡಚಿಟ್ಟೆ, ಬಿಚ್ಚಿದೆ, ಮತ್ತೆ ಮಡಚಿಟ್ಟೆ. ನಿನ್ನ ಸಾರಿನ ವಿಷಯ ನನಗೆ ಗೊತ್ತಿರಲಿಲ್ಲ ಅಂದುಕೊಂಡೆಯಾ? ಆ ಸೌಟಿನ ಸದ್ದು ಬಾಗಿಲು ದಾಟುವವರೆಗೂ ಕೇಳುತ್ತಿತ್ತು. ಈಗ ಬರೆದೆಯಲ್ಲ, ಸಾಕು.

ಕಲೆ ಹಾಗೇ ಇದೆ. ತೊಳೆಯಬೇಡ, ಒಳಗೆ ಮಡಚಬೇಡ. ಆ ಮೂಲೆ ಬೀದಿಯ ಕಡೆಗೇ ಇರಲಿ.

ನುನ್ಸಿಯಾ


ಕಾಸ್ತೆಲ್‌ಸೋರ್ಬೊ
8 ಜುಲೈ 1974

ಮಗಳೇ,

ಕಟ್ಟು ಬಂತು. ಮಧ್ಯಾಹ್ನ ಊಟದ ಹೊತ್ತು. ಹುರಳಿಕಾಯಿ ತಿನ್ನುತ್ತಾ ನಿನ್ನ ಅಪ್ಪ ಎದುರಿಗೇ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ನಾನು ಕಾಯಲಿಲ್ಲ. ಮೇಜಿನ ಆ ತುದಿಯಲ್ಲೇ ಬಿಚ್ಚಿದೆ. ಬಣ್ಣ ಒಂದಿಷ್ಟೂ ಮಾಸಿಲ್ಲ. ಕಲೆ ಅಂಗೈಯಷ್ಟು ಅಗಲ ಇದೆ. ನೀನು ಹೇಳಿದ್ದೆ, ಆದರೂ ನಾನು ಅಷ್ಟು ದೊಡ್ಡದು ಅಂದುಕೊಂಡಿರಲಿಲ್ಲ.

‘ಇದೇನು?’ ಅಂದರು.

‘ನಿಮ್ಮ ಮಗಳ ಮೂಗಿನ ರಕ್ತ. ನೀವು ಕರ್ಕೊಂಡು ಹೋಗಿ ಬಿಟ್ಟು ಬಂದ ದಿನದ್ದು.’

ಚಮಚ ಕೆಳಗಿಟ್ಟರು. ಬಹಳ ಹೊತ್ತು ಆ ಕಲೆಯನ್ನೇ ನೋಡಿದರು. ಒಂದೆರಡು ಏಟು ಬಿದ್ದಿರಬಹುದು, ಗಂಡಹೆಂಡಿರಲ್ಲಿ ಆಗುವುದೇ ಎಂದು ಅವರು ನಂಬಿದ್ದರು. ಯಾಕೆಂದರೆ ಹಾಗೆ ನಂಬಿದರೆ ಊಟ ಸೇರುತ್ತಿತ್ತು. ಆಮೇಲೆ ಟೋಪಿ ಹಾಕಿಕೊಂಡು ದ್ರಾಕ್ಷಿ ತೋಟಕ್ಕೆ ಹೋದರು. ಐದು ದಿನವಾಯಿತು. ಉಪ್ಪು ಕೊಡು, ಬಾಗಿಲು ಹಾಕು, ಇಷ್ಟು ಬಿಟ್ಟು ಬೇರೆ ಮಾತಿಲ್ಲ.

ಹೊದಿಕೆಯ ಸುದ್ದಿ ಊರಿಗೆಲ್ಲ ಹಬ್ಬಿದೆ. ಅಂಚೆಯವನ ಕಣ್ಣು ಒಂದು, ರಕೇಲೆಯ ಬಾಯಿ ಒಂದು, ಇನ್ನೇನು ಬೇಕು? ಸವೇರಿಯೋ ಮದ್ದಲೇನಾಳ ಪಲ್ಲಕ್ಕಿಯ ಅಡ್ಡೆ ಹೊರುವ ಇಪ್ಪತ್ತು ಜನರನ್ನೂ ಕರೆಸಿ, ಗಂಟೆ ಅಲ್ಲಾಡಿಸುವವನು ತಾನು, ತನ್ನ ಗಂಟೆ ಕೇಳದೆ ಯಾರೂ ನಿಲ್ಲಕೂಡದು ಎಂದು ಹೇಳಿದನಂತೆ. ಆ ಇಪ್ಪತ್ತರಲ್ಲಿ ಎಡಗಡೆಯ ಮೊದಲನೆಯವರು ನಿನ್ನ ಅಪ್ಪ. ತಲೆಯಾಡಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ಅವರು ಅಡ್ಡೆಗೆ ಹೆಗಲು ಕೊಟ್ಟಿದ್ದಾರೆ, ಒಂದು ಸಲವೂ ಗಂಟೆ ಮೀರಿಲ್ಲ. ಮದ್ದಲೇನಾ ನಮ್ಮ ಮನೆ ದಾಟಿ ಹೋಗುವುದಾದರೆ, ಅವರ ಹೆಗಲ ಮೇಲೇ ದಾಟಿ ಹೋಗುತ್ತಾಳೆ. ಅದನ್ನು ನಾನು ಬಾಲ್ಕನಿಯಲ್ಲಿ ನಿಂತು ನೋಡಬೇಕು. ನೋಡುತ್ತೇನೆ, ಒಳಗೆ ಹೋಗುವುದಿಲ್ಲ.

ನನಗೆ ಭಯವಾಗುತ್ತಿದೆ. ನಿನಗೆ ಮಾತ್ರ ಹೇಳಿದೆ.

ಅಮ್ಮ


ಕಾಸ್ತೆಲ್‌ಸೋರ್ಬೊ
23 ಜುಲೈ 1974

ನುನ್ಸಿಯಾ, ನನ್ನ ಚಿನ್ನ,

ಕೂತು ಓದು. ನಿಂತು ಓದಬೇಡ.

ನಿನ್ನೆ ಬೆಳಿಗ್ಗೆ ಆರಕ್ಕೇ ಹೊದಿಕೆ ಹಾಕಿದೆ. ಕಲೆ ಇರುವ ಮೂಲೆ ಬೀದಿಯ ಕಡೆಗೇ. ಕೊರಡು ತುಂಡುಗಳನ್ನು ಮೇಲೆ ಇಟ್ಟು ಭದ್ರ ಮಾಡಿದೆ. ಕಪ್ಪು ಬಟ್ಟೆ ಬಿಟ್ಟು ನಿನ್ನ ಮದುವೆಗೆ ಹೊಲಿಸಿದ ನೀಲಿಯದನ್ನು ತೊಟ್ಟೆ, ಸೊಂಟದ ಗುಂಡಿ ಹಾಕಲು ಬರಲಿಲ್ಲ, ಪಿನ್ನು ಚುಚ್ಚಿದೆ.

ರಕೇಲೆ ತನ್ನ ಬಾಲ್ಕನಿಯಿಂದ, ‘ಅಯ್ಯೋ ದೊನಾತಾ, ಗಾಳಿಗೆ ಹಾಕಿದೀಯಾ?’ ಅಂದಳು.

‘ಇಲ್ಲ ಕಣೇ, ನಿನ್ ಕಣ್ಣಿಗೆ ಹಾಕಿದೀನಿ. ಚೆನ್ನಾಗ್ ನೋಡ್ಕೋ.’

ಎಂಟಕ್ಕೆ ಸವೇರಿಯೋ ಬಂದ. ಜೊತೆಗೆ ಪಾದ್ರಿ ಎಜಿಡಿಯೋ. ಮೇಲೆ ಹತ್ತಲಿಲ್ಲ, ಬೀದಿಯಿಂದಲೇ ಕೂಗಿದ.

‘ಇಳಿಸಮ್ಮ ಅದನ್ನ! ಕೊಳಕಾಗಿದೆ ಬೇರೆ!’

‘ಕೊಳಕು ಯಾರ ಮನೇದು ಅಂತ ನಿಮ್ಮ ಸೋದರಳಿಯನ್ನ ಕೇಳಿ. ಅವನ ಕೈಗುರುತು ಅದು.’

ಅವನ ಮುಖ ಸುಣ್ಣ ಬಳಿದ ಹಾಗಾಯಿತು. ಸುತ್ತ ಕಿಟಕಿಗಳಲ್ಲಿ ಜನ. ಪಾದ್ರಿ ಮೆಲ್ಲಗೆ, ‘ದೊನಾತಾ, ಹಬ್ಬದ ದಿನ ಸಮಾಧಾನ ಇರಲಮ್ಮ’ ಅಂದರು.

‘ಎಂಟು ವರ್ಷ ಸಮಾಧಾನವಾಗೇ ಇದ್ದೆ ಸ್ವಾಮಿ. ಸಾಕಾಯ್ತು.’

ಪಾಪ, ಪಾದ್ರಿ ಹೊದಿಕೆಯ ಮೂಲೆಯನ್ನು ನೋಡಿದರು, ತಲೆ ತಗ್ಗಿಸಿದರು, ಹೋದರು.

ನಿನ್ನ ಅಪ್ಪ ಇದನ್ನೆಲ್ಲ ಒಳಗೆ ಕೂತು ಕೇಳುತ್ತಿದ್ದರು. ಕಾಫಿ ಕುಡಿದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು, ನಿಂತಾಗ ಅಡ್ಡೆಯನ್ನು ಆನಿಸುವ ಕವೆಗೋಲನ್ನು ಬಾಗಿಲ ಹಿಂದಿನಿಂದ ತೆಗೆದುಕೊಂಡರು. ಮೆಟ್ಟಿಲಿಳಿದು ಹೋದರು. ತಲೆಯೆತ್ತಿ ಬಾಲ್ಕನಿಯ ಕಡೆ ಒಂದು ಸಲವೂ ನೋಡಲಿಲ್ಲ. ಆಗ ನನ್ನ ಧೈರ್ಯವೆಲ್ಲ ಇಳಿದುಹೋಯಿತು.

ಹತ್ತೂವರೆಗೆ ಕಾರಂಜಿಯ ತಿರುವಿನಲ್ಲಿ ಬ್ಯಾಂಡು ಕೇಳಿಸಿತು. ಮೇಲಿನ ಮನೆಗಳ ಮುಂದೆ ಎರಡು ಸಲ ನಿಂತು ಬಂದಿದ್ದರು. ಸವೇರಿಯೋ ಮುಂದೆ ಮುಂದೆ, ಗಂಟೆಯನ್ನು ಎದೆಗೆ ಒತ್ತಿ ಹಿಡಿದಿದ್ದ, ಅದು ತಾನಾಗಿ ಎಲ್ಲಿ ಬಾರಿಸಿಬಿಡುತ್ತದೋ ಅನ್ನುವ ಹಾಗೆ. ಹಿಂದೆ ಇಪ್ಪತ್ತು ಹೆಗಲುಗಳ ಮೇಲೆ ಮದ್ದಲೇನಾ. ರಕೇಲೆಯ ಮನೆ ದಾಟಿದರು. ನಮ್ಮ ಬಾಗಿಲ ಹತ್ತಿರ ಬಂದರು. ಗಂಟೆ ಆಗಲಿಲ್ಲ. ಸವೇರಿಯೋ ಕಾಲು ಬೀಸಿ ಹಾಕಿದ. ಅಷ್ಟೇ, ಮುಗಿಯಿತು, ದಾಟಿಹೋಗುತ್ತಾಳೆ ಅಂದುಕೊಂಡು ನಾನು ಬಾಲ್ಕನಿಯ ಕಂಬಿ ಹಿಡಿದೆ.

ಕಲ್ಲುಹಾಸಿನ ಮೇಲೆ ‘ಟಕ್’ ಎಂದು ಒಂದು ಕವೆಗೋಲು ಊರಿದ ಸದ್ದಾಯಿತು. ಒಂದೇ ಒಂದು.

ನಿನ್ನ ಅಪ್ಪ ನಿಂತುಬಿಟ್ಟಿದ್ದರು. ಹಿಂದಿನವನು ಬಂದು ಬೆನ್ನಿಗೆ ಡಿಕ್ಕಿ ಹೊಡೆದ, ಮದ್ದಲೇನಾ ಒಂದು ಕಡೆ ವಾಲಿದಳು, ಹೆಂಗಸರು ಚೀರಿದರು. ಅಷ್ಟರಲ್ಲಿ ಎರಡನೆಯದು ಊರಿತು, ಮೂರನೆಯದು, ಆಮೇಲೆ ಸಾಲಾಗಿ ಇಪ್ಪತ್ತೂ. ಬೇರೆ ದಾರಿ ಇರಲಿಲ್ಲ ಬಿಡು, ಮುಂದಿನ ಮೂಲೆ ನಿಂತರೆ ಉಳಿದವರು ಎಲ್ಲಿಗೆ ಹೋದಾರು? ಆದರೂ ಕೆಲವರು ಬೇಕೆಂದೇ ಜೋರಾಗಿ ಊರಿದರು, ನನಗೆ ಕೇಳಿಸಿತು.

ಸವೇರಿಯೋ ಓಡಿಬಂದು ಎರಡು ಸಲ ಗಂಟೆ ಬಾರಿಸಿದ. ಎರಡು ಅಂದರೆ ಎತ್ತಿ ಎಂದು. ಯಾರೂ ಎತ್ತಲಿಲ್ಲ.

‘ಕಾನಿಯೊ, ಎತ್ತು!’

‘ಹೊದಿಕೆ ಇದೆ’ ಅಂದರು ನಿನ್ನ ಅಪ್ಪ.

‘ನಾನು ನಿಲ್ಲೋಕೆ ಗಂಟೆ ಹೊಡೆದಿಲ್ಲ!’

‘ಅದಕ್ಕೇ ಕಾಯ್ತಿರೋದು. ಮೊದ್ಲು ನಿಲ್ಲೋ ಗಂಟೆ ಹೊಡಿ. ಒಂದು. ಆಮೇಲೆ ಎರಡು ಹೊಡಿ, ಎತ್ತೀವಿ.’

‘ನಿನಗೇನ್ ತಲೆ ಕೆಟ್ಟಿದೆಯೇನಯ್ಯಾ?’

‘ಎಂಟು ವರ್ಷ ಕೆಟ್ಟಿತ್ತು.’

ಬ್ಯಾಂಡಿನವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕೊನೆಗೆ ಡೋಲಿನವನೊಬ್ಬ ಬಾರಿಸುತ್ತಿದ್ದ, ಅವನಿಗೂ ನಾಚಿಕೆಯಾಯಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಪಾದ್ರಿ ಎಜಿಡಿಯೋ ಕಣ್ಣು ಮುಚ್ಚಿ ಜಪಮಾಲೆ ಎಣಿಸುತ್ತಿದ್ದರು. ಎಷ್ಟು ಹೊತ್ತೋ ನಾನರಿಯೆ. ಮದ್ದಲೇನಾಳ ಮುಖ ನನ್ನ ಮುಖದ ಎದುರಿಗೇ ಇತ್ತು, ಕೈ ಚಾಚಿದರೆ ಕೆನ್ನೆ ಸಿಗುತ್ತಿತ್ತು.

ಕೊನೆಗೆ ಸವೇರಿಯೋ ಒಂದು ಸಲ ಗಂಟೆ ಅಲ್ಲಾಡಿಸಿದ. ಬೆಕ್ಕಿನ ಕೊರಳ ಗೆಜ್ಜೆಯಷ್ಟು ಸದ್ದು ಬಂತು.

ಹಿಂದಿನ ಸಾಲಿನಿಂದ ಯಾರೋ, ‘ನಂಗ್ ಕಿವಿ ಸ್ವಲ್ಪ ಮಂದ ಸ್ವಾಮಿ, ಕೇಳಿಸ್ಲಿಲ್ಲ’ ಅಂದ. ಬೀದಿಯೇ ನಕ್ಕಿತು. ರಕೇಲೆಯೂ ನಕ್ಕಳು. ಆಗ ಸವೇರಿಯೋ ಕೈ ಎತ್ತಿ, ಊರಿಗೆಲ್ಲ ಕೇಳುವ ಹಾಗೆ, ಒಂದು ಬಾರಿಸಿದ.

ನೇಮದ ಪ್ರಕಾರ ನಾನು ತುಳಸಿಯ ಎಲೆ ಎಸೆಯಬೇಕಿತ್ತು, ಬುಟ್ಟಿ ತುಂಬ ಕಿತ್ತಿಟ್ಟಿದ್ದೆ. ಎತ್ತುವಾಗ ಕಂಬಿಗೆ ತಾಗಿ ಬುಟ್ಟಿಯೇ ಕೆಳಗೆ ಬಿತ್ತು. ನಿನ್ನ ಅಪ್ಪನ ತಲೆಯ ಮೇಲೆಲ್ಲ ತುಳಸಿ. ಅವರು ಒದರಿಕೊಳ್ಳಲಿಲ್ಲ. ಹಾಗೇ ಮುಂದೆ ಹೋದರು.

ಸಂಜೆಗೆ ಮುಂಚೆ ಹೊದಿಕೆ ಇಳಿಸುವುದು ರೂಢಿ. ನಾನು ಇಳಿಸಿಲ್ಲ. ನಿಂತಳು, ನುನ್ಸಿಯಾ. ನಿನ್ನ ಹೊದಿಕೆಯ ಮುಂದೆ ನಿಂತಳು.

ನಿನ್ನ ಅಮ್ಮ


ಕಾಸ್ತೆಲ್‌ಸೋರ್ಬೊ
30 ಜುಲೈ 1974

ಮಗಳೇ,

ನಾನು ಕಾಗದ ಬರೆದವನಲ್ಲ. ಸೈನ್ಯದಲ್ಲಿದ್ದಾಗ ಎರಡು ಬರೆದಿದ್ದೆ. ಇದು ಮೂರನೆಯದು. ತಪ್ಪಿದ್ದರೆ ತಿದ್ದಿ ಓದಿಕೊ.

ನಿನ್ನ ಅಮ್ಮ ಎಲ್ಲ ಬರೆದಿರುತ್ತಾಳೆ. ನನ್ನನ್ನು ದೊಡ್ಡ ಮನುಷ್ಯನ ಹಾಗೆ ಬರೆದಿದ್ದರೆ ನಂಬಬೇಡ. ಮೇ ತಿಂಗಳಲ್ಲಿ ನಾನು ‘ಹೌದು’ ಎಂದೇ ಗೀಟು ಹಾಕಿದೆ. ನಿನ್ನ ವಿರುದ್ಧ ಹಾಕಿದೆ. ಸುಳ್ಳು ಹೇಳಿ ನಿನ್ನ ಮುಂದೆ ಒಳ್ಳೆಯವನಾಗಲಾರೆ.

ಆ ವರ್ಷ ಹತ್ತು ಗಂಟೆಗೆ ನಾನು ಮದ್ದಲೇನಾಗೆ ಹೆಗಲು ಕೊಡಬೇಕಿತ್ತು. ಎಂಟಕ್ಕೆ ನಿನ್ನನ್ನು ಅವನ ಬಾಗಿಲಿಗೆ ಬಿಟ್ಟೆ. ದಾರಿಯುದ್ದಕ್ಕೂ ನೀನು ಮಾತಾಡಲಿಲ್ಲ. ಬಾಗಿಲಲ್ಲಿ ‘ಅಪ್ಪಾ’ ಅಂದೆ, ಒಂದೇ ಸಲ. ನನಗೆ ತಡವಾಗುತ್ತಿತ್ತು, ತಿರುಗಿ ನೋಡಲಿಲ್ಲ. ಆ ಮಧ್ಯಾಹ್ನ ನಾನು ಅವಳನ್ನು ಹೊತ್ತು ಅದೇ ಬಾಗಿಲ ಮುಂದೆ ಹೋದೆ. ಒಳಗೆ ನಿನಗೆ ಏನಾಗುತ್ತಿತ್ತು ಎಂಬುದು ಈಗ ಆ ಮೂಲೆ ನೋಡಿ ಗೊತ್ತಾಯಿತು. ನಾನು ಮಾಡಿದ್ದು ತಪ್ಪು. ನಿನಗೆ ಮಾಡಿದ್ದು. ಪಾದ್ರಿಗೆ ಹೇಳಿಕೊಂಡೆ, ಅವರು ಕ್ಷಮಿಸಿದರು. ಅವರು ಕ್ಷಮಿಸಿ ಏನು ಬಂತು, ಏಟು ತಿಂದದ್ದು ಅವರಲ್ಲ.

ಸಮಿತಿಯವರು ನನ್ನನ್ನು ಅಡ್ಡೆಯಿಂದ ತೆಗೆದಿದ್ದಾರೆ. ಕವೆಗೋಲು ವಾಪಸ್ ಕೊಡು ಎಂದು ಬಂದರು. ಅದು ನನ್ನ ಹೆಗಲಿನ ಅಳತೆಗೆ ಕಡಿದದ್ದು, ಇನ್ನೊಬ್ಬರಿಗೆ ಒಪ್ಪುವುದಿಲ್ಲ ಎಂದು ಕಳಿಸಿಬಿಟ್ಟೆ. ಬಾಗಿಲ ಹಿಂದೆಯೇ ಇದೆ. ಉಳಿದ ಹತ್ತೊಂಬತ್ತರಲ್ಲಿ ಏಳು ಜನ ತಾವೂ ಬರುವುದಿಲ್ಲ ಅಂದಿದ್ದಾರಂತೆ. ಸವೇರಿಯೋ ಮುಂದಿನ ವರ್ಷ ತಾನೇ ಹೊರಲಿ, ಬೆನ್ನು ನೋವಿಗೆ ಅವನ ಅಂಗಡಿಯಲ್ಲಿ ಮುಲಾಮು ಇದೆ.

ಒಂದು ಮಾತು. ಮೂವತ್ತೊಂದು ವರ್ಷ ನಾನು ಅವಳ ಕೆಳಗೇ ಇದ್ದೆ. ಕೆಳಗಿರುವವನಿಗೆ ನೆಲ ಕಾಣುತ್ತದೆ, ಮುಂದೆ ಗಂಟೆ ಹಿಡಿದವನ ಬೆನ್ನು ಕಾಣುತ್ತದೆ. ಬೀದಿಯಲ್ಲಿ ಅವಳು ಬರುವಾಗ ಮುಖ ಹೇಗಿರುತ್ತದೆ ಎಂದು ನಾನು ಒಂದು ಸಲವೂ ನೋಡಿಲ್ಲ. ಮುಂದಿನ ಜುಲೈಯಲ್ಲಿ ಬಾಲ್ಕನಿಯಿಂದ ನೋಡಬೇಕು. ನೀನು ಪಕ್ಕದಲ್ಲಿದ್ದರೆ ಚೆನ್ನಾಗಿತ್ತು. ಬಾ ಎನ್ನುವ ಹಕ್ಕು ನನಗಿಲ್ಲ. ಆದರೂ ಬಾ.

ಹೊದಿಕೆ ಇನ್ನೂ ಬಾಲ್ಕನಿಯ ಮೇಲೇ ಇದೆ. ನಿನ್ನ ಅಮ್ಮ ಕೇಳುವುದಿಲ್ಲ. ನಾನೂ ಇಳಿಸು ಅಂದಿಲ್ಲ.

ಅಪ್ಪ
ಕಾನಿಯೊ


ತೊರಿನೊ
6 ಆಗಸ್ಟ್ 1974

ಅಪ್ಪಾ,

ಕಾಗದ ಸಿಕ್ಕಿತು. ನಾಲ್ಕು ಸಲ ಓದಿದೆ. ಯಾವ ತಪ್ಪನ್ನೂ ತಿದ್ದಲಿಲ್ಲ.

ಮುಂದಿನ ಜುಲೈವರೆಗೆ ಕಾಯುವುದಿಲ್ಲ. ಆಸ್ಪತ್ರೆಯಲ್ಲಿ ಹತ್ತು ದಿನ ರಜೆ ಕೇಳಿದ್ದೇನೆ. ಕೊಟ್ಟರೂ ಬರುತ್ತೇನೆ, ಕೊಡದಿದ್ದರೂ ಬರುತ್ತೇನೆ. ಹದಿನೇಳರ ಶನಿವಾರ ಮಧ್ಯಾಹ್ನದ ಬಸ್ಸಿಗೆ ಚೌಕದಲ್ಲಿ, ಔಷಧಿ ಅಂಗಡಿಯ ಎದುರಿಗೇ ಇಳಿಯುತ್ತೇನೆ. ನೀವೊಬ್ಬರೇ ಬನ್ನಿ, ಅಮ್ಮ ಮನೆಯಲ್ಲಿರಲಿ. ಬಿಳಿ ಅಂಗಿ ತೊಟ್ಟು ಬನ್ನಿ. ಹಿತ್ತಲ ಓಣಿ ಬೇಡ, ಬೀದಿಯ ನಡುವೆ ನಡೆದು ಹೋಗೋಣ. ಆ ಬೆಳಿಗ್ಗೆ ನೀವು ನನ್ನನ್ನು ಕರೆದುಕೊಂಡು ಹೋದ ದಾರಿ ಅದೇ. ಈ ಸಲ ಮನೆಯ ಕಡೆಗೆ.

ಹೊದಿಕೆಯನ್ನು ಯಾರೂ ಮುಟ್ಟಬೇಡಿ. ಅದನ್ನು ನಾನೇ ಬಂದು ಇಳಿಸುತ್ತೇನೆ.

ನಿಮ್ಮ ಮಗಳು
ನುನ್ಸಿಯಾ